ಒಂದೇ ಆಪರೇಷನ್ನಾ, ಎರಡಾ? ಸ್ತನ ಮರುರಚನೆಯ ಇಂಪ್ಲಾಂಟ್ ಬಗ್ಗೆ ನಿಮ್ಮ ಪ್ರಶ್ನೆಗಳು

ಕ್ಯಾನ್ಸರ್‌ಗಾಗಿ ಪೂರ್ತಿ ಸ್ತನ ತೆಗೆದ ಮೇಲೆ, ಅಂದರೆ ಮಸ್ಟೆಕ್ಟಮಿ ಆದ ಮೇಲೆ, ಇಂಪ್ಲಾಂಟ್ ಇಟ್ಟು ಮತ್ತೆ ಆಕಾರ ಕೊಡುವ ಆಪರೇಷನ್ ಬಗ್ಗೆ ಈ ಸಲ ಜಾಸ್ತಿ ಪ್ರಶ್ನೆಗಳು ಬಂದಿವೆ. ನಾನು ಈ ಆಪರೇಷನ್ ಮಾಡುವ ಪ್ಲಾಸ್ಟಿಕ್ ಸರ್ಜನ್. ಕ್ಯಾನ್ಸರ್‌ಗೆ ಯಾವ ಚಿಕಿತ್ಸೆ ಅನ್ನೋದನ್ನು ನಿಮ್ಮ ಕ್ಯಾನ್ಸರ್ ಡಾಕ್ಟರೇ ಹೇಳಬೇಕು, ಅದಕ್ಕೆ ನಾನು ಕೈ ಹಾಕುವುದಿಲ್ಲ. ಒಂದೇ ತರಹದ ಪ್ರಶ್ನೆಗಳನ್ನು ಸೇರಿಸಿ ಚಿಕ್ಕದು ಮಾಡಿದ್ದೇನೆ.

ಪ್ರಶ್ನೆ: ನನಗೆ 43 ವರ್ಷ. ಎಡ ಸ್ತನ ಪೂರ್ತಿ ತೆಗೆಯಬೇಕು ಅಂದಿದ್ದಾರೆ. ಒಬ್ಬ ಡಾಕ್ಟರ್ ಅದೇ ಆಪರೇಷನ್‌ನಲ್ಲೇ ಇಂಪ್ಲಾಂಟ್ ಇಟ್ಟು ಮುಗಿಸೋಣ ಅಂತಾರೆ. ಇನ್ನೊಬ್ಬರು ಮೊದಲು ಎಕ್ಸ್‌ಪ್ಯಾಂಡರ್ ಇಡೋಣ, ಕೆಲವು ತಿಂಗಳಾದ ಮೇಲೆ ಇಂಪ್ಲಾಂಟ್ ಅಂತಾರೆ. ಒಂದೇ ಸಲಕ್ಕೆ ಮುಗಿಯೋದಾದ್ರೆ ಎರಡು ಸಲ ಯಾಕೆ ಮಲಗಬೇಕು? ಯಾರ ಮಾತು ನಂಬಲಿ?

ಉತ್ತರ: ಇಬ್ಬರದ್ದೂ ಸರಿ ಇರಬಹುದು. ಇಲ್ಲಿ ತೀರ್ಮಾನ ಮಾಡೋದು ಇಂಪ್ಲಾಂಟ್ ಅಲ್ಲ, ನಿಮ್ಮ ಚರ್ಮ.

ಸ್ತನದ ಒಳಭಾಗ ಪೂರ್ತಿ ತೆಗೆದ ಮೇಲೆ ಉಳಿಯೋದು ಚರ್ಮ, ಅದರ ಕೆಳಗೆ ತೆಳ್ಳನೆಯ ಕೊಬ್ಬಿನ ಪದರ. ಅಷ್ಟೇ. ಆ ಚರ್ಮಕ್ಕೆ ಒಳಗಿನಿಂದ ಬರುತ್ತಿದ್ದ ಎಷ್ಟೋ ರಕ್ತನಾಳಗಳು ಸ್ತನದ ಜೊತೆಗೇ ಹೋಗಿರುತ್ತವೆ. ಹಾಗಾಗಿ ಕ್ಯಾನ್ಸರ್ ಸರ್ಜನ್ ಕೆಲಸ ಮುಗಿಸಿ ಪಕ್ಕಕ್ಕೆ ಸರಿದಾಗ ನಾವು ಮೊದಲು ನೋಡೋದು ಚರ್ಮದ ಬಣ್ಣ. ಅಂಚನ್ನು ಸ್ವಲ್ಪ ಕತ್ತರಿಸಿದರೆ ಕೆಂಪಗೆ ರಕ್ತ ಜಿನುಗುತ್ತದಾ, ಇಲ್ಲಾ ಕಪ್ಪಗೆ ನಿಧಾನಕ್ಕೆ ಬರುತ್ತದಾ ಅಂತ ನೋಡುತ್ತೇವೆ. ಸೌಲಭ್ಯ ಇರುವ ಕಡೆ ರಕ್ತನಾಳಕ್ಕೆ ಹಸಿರು ಬಣ್ಣದ ಔಷಧಿ ಕೊಟ್ಟು ಅದಕ್ಕೆಂದೇ ಇರುವ ಕ್ಯಾಮೆರಾದಲ್ಲೂ ನೋಡುತ್ತಾರೆ. ರಕ್ತ ತಲುಪಿದ ಕಡೆ ಚರ್ಮ ಪರದೆಯ ಮೇಲೆ ಹೊಳೆಯುತ್ತದೆ, ತಲುಪದ ಕಡೆ ಕಪ್ಪಾಗಿಯೇ ಉಳಿಯುತ್ತದೆ.

ರಕ್ತ ಸರಿಯಾಗಿ ಹೋಗದ ಚರ್ಮದ ಕೆಳಗೆ ಪೂರ್ತಿ ಗಾತ್ರದ ಇಂಪ್ಲಾಂಟ್ ತುರುಕಿದರೆ ಏನಾಗುತ್ತದೆ? ಒಳಗಿಂದ ಒತ್ತಡ ಬೀಳುತ್ತದೆ, ಅಂಚು ಕಪ್ಪಾಗುತ್ತದೆ, ಹೊಲಿಗೆ ಬಿಡುತ್ತದೆ. ಇಂಪ್ಲಾಂಟ್ ಹೊರಗೆ ಕಂಡರೆ ಬಹಳಷ್ಟು ಸಲ ಅದನ್ನು ತೆಗೆಯಬೇಕಾಗುತ್ತದೆ. ಅದು ವಾಸಿಯಾಗೋವರೆಗೆ ಕೀಮೋ ಕೂಡ ಮುಂದಕ್ಕೆ ಹೋಗಬಹುದು. ನನಗೆ ನಿಜವಾಗಿ ಭಯ ಇರೋದು ಇದಕ್ಕೇ.

ಎಕ್ಸ್‌ಪ್ಯಾಂಡರ್ ಅಂದರೆ ಖಾಲಿ ಇಡಬಹುದಾದ ಒಂದು ಸಿಲಿಕೋನ್ ಚೀಲ. ಚೆಡೊಮಿರ್ ರಾಡೊವನ್ ಅನ್ನುವ ಸರ್ಜನ್ 1976ರಲ್ಲಿ ಇಂಥದ್ದನ್ನು ಬಳಸಲು ಶುರು ಮಾಡಿದರು, 1982ರಲ್ಲಿ ಸ್ತನ ಮರುರಚನೆಯ ಅನುಭವವನ್ನು ಪ್ರಕಟಿಸಿದರು. ಮೊದಲ ಆಪರೇಷನ್‌ನಲ್ಲಿ ಇದನ್ನು ಖಾಲಿಯಾಗಿಯೋ ಅರ್ಧ ತುಂಬಿಸಿಯೋ ಇಟ್ಟರೆ ಚರ್ಮಕ್ಕೆ ಸುಧಾರಿಸಿಕೊಳ್ಳಲು ಸಮಯ ಸಿಗುತ್ತದೆ. ಎರಡು ವಾರದ ಆಸುಪಾಸಿನಲ್ಲಿ, ಗಾಯ ಒಣಗಿದ್ದರೆ, ತುಂಬಿಸೋದು ಶುರು. ಇದಕ್ಕೆ ಆಪರೇಷನ್ ಥಿಯೇಟರ್ ಬೇಡ. ಚರ್ಮದ ಮೇಲೆ ಒಂದು ಚಿಕ್ಕ ಸಾಧನ ಆಡಿಸುತ್ತೇವೆ, ಒಳಗಿನ ಪೋರ್ಟ್‌ನಲ್ಲಿರುವ, ಅಂದರೆ ಚೀಲಕ್ಕೆ ಸೂಜಿ ಚುಚ್ಚುವ ಬಾಯಿಯಲ್ಲಿರುವ, ಅಯಸ್ಕಾಂತದ ಮೇಲೆ ಬಂದಾಗ ಅದರ ಕಡ್ಡಿ ನೆಟ್ಟಗೆ ನಿಲ್ಲುತ್ತದೆ. ಅಲ್ಲಿ ಗುರುತು ಹಾಕಿ, ಸಣ್ಣ ಸೂಜಿ ಚುಚ್ಚಿ, ಸುಮಾರು 50ರಿಂದ 100 ಮಿಲಿ ಸಲೈನ್ ಬಿಡುತ್ತೇವೆ. ಸೂಜಿಯ ನೋವು ಎಷ್ಟೋ ಜನಕ್ಕೆ ಗೊತ್ತೇ ಆಗುವುದಿಲ್ಲ, ಯಾಕಂದ್ರೆ ಆ ಜಾಗ ಮರಗಟ್ಟಿರುತ್ತದೆ. ಆಮೇಲೆ ಒಂದೆರಡು ದಿನ ಎದೆ ಬಿಗಿ ಅನಿಸುತ್ತದೆ. ಬಸುರಿಯ ಹೊಟ್ಟೆ ಹಿಗ್ಗುವ ಹಾಗೆ ಚರ್ಮ ನಿಧಾನಕ್ಕೆ ಹಿಗ್ಗುತ್ತದೆ. ಬೇಕಾದ ಗಾತ್ರಕ್ಕೆ ಬಂದು ಕೆಲವು ತಿಂಗಳು ಕಳೆದ ಮೇಲೆ ಅದನ್ನು ತೆಗೆದು ಇಂಪ್ಲಾಂಟ್ ಇಡುತ್ತೇವೆ. ಈ ಎರಡನೇ ಆಪರೇಷನ್ ಮೊದಲಿನದಕ್ಕಿಂತ ಚಿಕ್ಕದು. ಎತ್ತರ, ಮಡಿಕೆ, ಎಡಬಲದ ವ್ಯತ್ಯಾಸ ಸರಿ ಮಾಡಲು ಇನ್ನೊಂದು ಅವಕಾಶವೂ ಹೌದು. ಗಾತ್ರ ಎಷ್ಟು ಬೇಕು ಅಂತ ನೀವೇ ನೋಡಿ ಹೇಳಬಹುದು. ಒಂದೇ ಸಲದ ಆಪರೇಷನ್‌ನಲ್ಲಿ ಆ ಅನುಕೂಲ ಇಲ್ಲ.

ಒಂದೇ ಸಲದ ಆಪರೇಷನ್ ಯಾರಿಗೆ ಹೊಂದುತ್ತದೆ? ಸ್ತನ ಚಿಕ್ಕದು ಅಥವಾ ಮಧ್ಯಮ ಗಾತ್ರದ್ದು, ಜಾಸ್ತಿ ಜೋತುಬಿದ್ದಿಲ್ಲ, ತೊಟ್ಟು ಉಳಿಸಬಹುದು, ಮೊದಲಿದ್ದಷ್ಟೇ ಗಾತ್ರ ಸಾಕು, ಸಿಗರೇಟ್ ಇಲ್ಲ, ಸಕ್ಕರೆ ಕಾಯಿಲೆ ಇದ್ದರೂ ಹತೋಟಿಯಲ್ಲಿದೆ, ಇಂಥವರಿಗೆ ಚೆನ್ನಾಗಿ ಬರುತ್ತದೆ. ಆದರೆ ‘ಒಂದೇ ಸಲ’ ಅನ್ನೋದನ್ನು ಗ್ಯಾರಂಟಿ ಅಂದುಕೊಳ್ಳಬೇಡಿ, ಆಮೇಲೆ ಸಣ್ಣಪುಟ್ಟ ತಿದ್ದುಪಡಿಗೆ ಮತ್ತೆ ಥಿಯೇಟರ್‌ಗೆ ಬರುವವರು ತುಂಬಾ ಜನ ಇದ್ದಾರೆ. ನೆದರ್‌ಲ್ಯಾಂಡ್ಸ್‌ನಲ್ಲಿ ನಡೆದ ಬ್ರಯೋಸ್ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಅದರಲ್ಲಿ ಮ್ಯಾಟ್ರಿಕ್ಸ್ ಹಾಳೆ, ಅಂದರೆ ಇಂಪ್ಲಾಂಟ್‌ಗೆ ಆಸರೆಯಾಗಿ ಇಡುವ, ಚರ್ಮದಿಂದ ಮಾಡಿದ ಹಾಳೆ, ಬಳಸಿ ಒಂದೇ ಸಲಕ್ಕೆ ಮಾಡಿದವರನ್ನು ಎರಡು ಹಂತದವರ ಜೊತೆ ಹೋಲಿಸಿದರು. ತೊಂದರೆ, ಮರು ಆಪರೇಷನ್, ಇಂಪ್ಲಾಂಟ್ ತೆಗೆಯಬೇಕಾಗಿ ಬಂದದ್ದು, ಮೂರೂ ಒಂದೇ ಸಲದವರಲ್ಲೇ ಜಾಸ್ತಿ. ಆಮೇಲೆ ಹೆಂಗಸರನ್ನೇ ಕೇಳಿದಾಗ ತೃಪ್ತಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಸರಿಯಾದವರನ್ನು ಆರಿಸಿ ಮಾಡುವ ಕಡೆ ಒಳ್ಳೆಯ ಫಲಿತಾಂಶಗಳೂ ಬಂದಿವೆ, ಅದನ್ನೂ ಹೇಳಬೇಕು.

ಹಾಗಾಗಿ ನಿಮ್ಮ ಡಾಕ್ಟರ್‌ಗೆ ಈ ಒಂದು ಪ್ರಶ್ನೆ ಕೇಳಿ: ‘ಒಳಗೆ ನೋಡಿದಾಗ ಚರ್ಮ ಚೆನ್ನಾಗಿಲ್ಲ ಅಂದ್ರೆ ಏನು ಮಾಡ್ತೀರಿ?’ ‘ಎಕ್ಸ್‌ಪ್ಯಾಂಡರ್ ಇಡ್ತೀನಿ, ಅದಕ್ಕೂ ನಿಮ್ಮ ಒಪ್ಪಿಗೆ ಈಗಲೇ ತಗೋತೀನಿ’ ಅಂದರೆ ಆ ಡಾಕ್ಟರ್ ಯೋಚನೆ ಮಾಡಿದ್ದಾರೆ ಅಂತ ಅರ್ಥ. ‘ಹಾಗೆಲ್ಲ ಆಗಲ್ಲ ಬಿಡಿ’ ಅಂದರೆ ನಾನಾಗಿದ್ದರೆ ಇನ್ನೊಬ್ಬರ ಹತ್ತಿರ ಕೇಳುತ್ತಿದ್ದೆ.

ಪ್ರಶ್ನೆ: ಇಂಪ್ಲಾಂಟ್ ಸ್ನಾಯುವಿನ ಮೇಲೆ ಇಡೋದು ಒಳ್ಳೆಯದಾ, ಕೆಳಗಾ? ನಾನು ದಿನಾ ಈಜುತ್ತೇನೆ. ತೂಕ ಕಡಿಮೆ, ತೆಳ್ಳಗಿದ್ದೇನೆ.

ಉತ್ತರ: ನಿಮ್ಮ ವಿಷಯದಲ್ಲಿ ಈಜು ಒಂದು ಕಡೆ ಎಳೆಯುತ್ತದೆ, ತೆಳ್ಳಗಿನ ಮೈ ಇನ್ನೊಂದು ಕಡೆ.

ಸ್ನಾಯುವಿನ ಕೆಳಗೆ ಇಡಬೇಕಾದರೆ ಎದೆಯ ದೊಡ್ಡ ಸ್ನಾಯುವಿನ ಕೆಳಭಾಗ ಬಿಡಿಸಿ ಅದರ ಅಡಿಗೆ ಜಾಗ ಮಾಡುತ್ತೇವೆ. ಇಂಪ್ಲಾಂಟ್‌ನ ಮೇಲಿನ ಅಂಚು ಸ್ನಾಯುವಿನ ಮರೆಯಲ್ಲಿ ಇರುತ್ತದೆ. ಹಾಗಾಗಿ ಕತ್ತಿನ ಕೆಳಗೆ ದಿಢೀರನೆ ಉಬ್ಬು ಶುರುವಾದ ಹಾಗೆ ಕಾಣುವುದಿಲ್ಲ. ಆದರೆ ಮೊದಲ ವಾರಗಳಲ್ಲಿ ನೋವು ಜಾಸ್ತಿ. ಇನ್ನೊಂದು ತೊಂದರೆ ಆಪರೇಷನ್‌ಗೆ ಮೊದಲು ಯಾರೂ ಸರಿಯಾಗಿ ಹೇಳುವುದಿಲ್ಲ. ಕೈಯಿಂದ ಏನಾದರೂ ತಳ್ಳಿದಾಗ, ಕುರ್ಚಿ ಹಿಡಿದು ಏಳುವಾಗ, ಸ್ನಾಯು ಬಿಗಿಯಾಗಿ ಇಂಪ್ಲಾಂಟ್ ಮೇಲಕ್ಕೋ ಪಕ್ಕಕ್ಕೋ ಸರಿದ ಹಾಗೆ ಕಾಣುತ್ತದೆ. ಕೆಲವರಿಗೆ ಕಂಡೂ ಕಾಣದ ಹಾಗೆ. ಕೆಲವರಿಗೆ ಬಟ್ಟೆಯ ಮೇಲಿಂದಲೇ ಗೊತ್ತಾಗುವಷ್ಟು. ಈಜುವವರು, ಭಾರ ಎತ್ತುವವರು ಇದರಿಂದ ನಿಜವಾಗಿ ಬೇಸರ ಪಡುತ್ತಾರೆ.

ಸ್ನಾಯುವಿನ ಮೇಲೆ, ಅಂದರೆ ಚರ್ಮದ ಅಡಿಯಲ್ಲೇ ಇಟ್ಟರೆ ಈ ಕುಣಿತ ಇಲ್ಲ, ನೋವು ಕಡಿಮೆ, ಸ್ನಾಯು ತನ್ನ ಪಾಡಿಗೆ ಇರುತ್ತದೆ. ಇದು ಹೊಸದಲ್ಲ. ಬಹಳ ಹಿಂದೆ ಹೀಗೇ ಇಡುತ್ತಿದ್ದರು, ಚರ್ಮ ಬಿಡುವುದು, ಗಟ್ಟಿಯಾಗುವುದು ಜಾಸ್ತಿಯಾಗಿ ಬಿಟ್ಟುಬಿಟ್ಟಿದ್ದರು. ಈಗ ಮ್ಯಾಟ್ರಿಕ್ಸ್ ಹಾಳೆಗಳು, ಚರ್ಮಕ್ಕೆ ಪೆಟ್ಟಾಗದ ಹಾಗೆ ಸ್ತನ ತೆಗೆಯುವ ರೀತಿ, ಗಟ್ಟಿ ಜೆಲ್‌ನ ಇಂಪ್ಲಾಂಟ್ ಎಲ್ಲಾ ಬಂದು ಮತ್ತೆ ಚಾಲ್ತಿಗೆ ಬಂದಿದೆ. ಇದರ ತೊಂದರೆ ತೆಳ್ಳಗಿರುವವರಿಗೇ ಜಾಸ್ತಿ. ಬಗ್ಗಿದಾಗ ಚರ್ಮದ ಮೇಲೆ ಅಲೆಅಲೆಯಾಗಿ ಮಡಿಕೆ ಕಾಣುತ್ತದೆ, ಮೇಲಿನ ಅಂಚು ಎದ್ದು ಕಾಣುತ್ತದೆ. ಹೊಟ್ಟೆ ಅಥವಾ ತೊಡೆಯಿಂದ ಕೊಬ್ಬು ಹೀರಿ ಅಲ್ಲಿಗೆ ತುಂಬಿಸಿ ಇದನ್ನು ಕಡಿಮೆ ಮಾಡಬಹುದು. ನಿಮ್ಮ ಮೈಯಲ್ಲಿ ಹೀರಲು ಕೊಬ್ಬು ಇದೆಯಾ ಅನ್ನೋದೇ ಪ್ರಶ್ನೆ ಅಲ್ವಾ.

ನನ್ನ ಅಭಿಪ್ರಾಯ ಕೇಳಿದರೆ, ಉಳಿದ ಚರ್ಮ ಪರವಾಗಿಲ್ಲ ಅನ್ನುವಷ್ಟು ದಪ್ಪ ಇದ್ದರೆ ನಿಮಗೆ ಮೇಲೆ ಇಡೋದನ್ನೇ ಹೇಳುತ್ತೇನೆ, ಕೊಬ್ಬು ತುಂಬಿಸುವ ಇನ್ನೊಂದು ಸಣ್ಣ ಆಪರೇಷನ್ ಬೇಕಾಗಬಹುದು ಅಂತ ಮೊದಲೇ ತಿಳಿಸಿ. ಈಗಾಗಲೇ ಕೆಳಗೆ ಇಟ್ಟು ಕುಣಿತದಿಂದ ಸಾಕಾಗಿರುವವರೂ ಬರೆದಿದ್ದೀರಿ. ಅದನ್ನು ತೆಗೆದು, ಸ್ನಾಯುವನ್ನು ಮತ್ತೆ ಅದರ ಜಾಗಕ್ಕೆ ಹೊಲಿದು, ಇಂಪ್ಲಾಂಟ್ ಮೇಲೆ ಇಡಬಹುದು.

ಪ್ರಶ್ನೆ: ಮ್ಯಾಟ್ರಿಕ್ಸ್ ಅಂದ್ರೆ ಪ್ರಾಣಿಯ ಚರ್ಮವಂತೆ, ನಿಜವಾ? ನಮಗೆ ಕೆಲವು ಪ್ರಾಣಿಗಳದ್ದು ಆಗುವುದಿಲ್ಲ. ಅದಿಲ್ಲದೆ ಮಾಡೋಕೆ ಬರಲ್ವಾ?

ಉತ್ತರ: ನಿಜ. ಕೆಲವು ದಾನಿಗಳಿಂದ ಪಡೆದ ಮನುಷ್ಯರ ಚರ್ಮದ್ದು, ಕೆಲವು ಹಂದಿಯದ್ದು, ಕೆಲವು ದನದ್ದು. ಜೀವಕೋಶಗಳನ್ನೆಲ್ಲ ತೊಳೆದು ತೆಗೆದು ಬರೀ ಹಂದರ ಉಳಿಸಿರುತ್ತಾರೆ, ನಿಮ್ಮ ಮೈಯ ಜೀವಕೋಶ, ರಕ್ತನಾಳ ಅದರೊಳಗೆ ಬೆಳೆಯುತ್ತವೆ. ಇಂಪ್ಲಾಂಟ್‌ನ ಕೆಳಭಾಗವನ್ನು ತಾಂಗಿ ಹಿಡಿಯೋದು, ಅದು ಜಾರದ ಹಾಗೆ ನೋಡೋದು, ಚರ್ಮಕ್ಕೂ ಇಂಪ್ಲಾಂಟ್‌ಗೂ ನಡುವೆ ಒಂದು ಪದರವಾಗೋದು ಇದರ ಕೆಲಸ. ಬದಲಿಗೆ ಕೃತಕ ಮೆಶ್‌ಗಳೂ ಇವೆ, ಕೆಲವು ಕರಗುವಂಥವು, ಕೆಲವು ಕರಗದವು. ಯಾವುದೂ ಇಲ್ಲದೆ, ಪೂರ್ತಿ ಸ್ನಾಯುವಿನ ಅಡಿಯಲ್ಲಿ ಎಕ್ಸ್‌ಪ್ಯಾಂಡರ್ ಇಟ್ಟು ಎರಡು ಹಂತದಲ್ಲಿ ಮಾಡೋದು ಹಳೆಯ, ಈಗಲೂ ನಡೆಯುವ ದಾರಿ.

ಹಾಳೆ ಇಟ್ಟಾಗ ಒಳಗೆ ನೀರು ಸೇರಿಕೊಳ್ಳೋದು, ಸೋಂಕು ಸ್ವಲ್ಪ ಜಾಸ್ತಿ ಅಂತ ಹಲವು ಅಧ್ಯಯನಗಳಲ್ಲಿ ಕಂಡಿದೆ. ಕೆಲವರಿಗೆ ಹಾಳೆ ಇರುವ ಜಾಗದ ಚರ್ಮ ಮಾತ್ರ ಕೆಂಪಾಗುತ್ತದೆ, ಜ್ವರ ಇರುವುದಿಲ್ಲ, ತಾನಾಗಿ ಕಡಿಮೆಯಾಗುತ್ತದೆ. ಆದರೆ ಅದು ಸೋಂಕು ಅಲ್ಲ ಅಂತ ಮನೆಯಲ್ಲೇ ಕೂತು ನೀವೇ ತೀರ್ಮಾನ ಮಾಡಬೇಡಿ, ಕೆಂಪಾದರೆ ಅವತ್ತೇ ತೋರಿಸಿ. ಒಳಗೆ ಸೇರುವ ನೀರನ್ನು ಹೊರಗೆ ಬಿಡುವ ಡ್ರೈನ್ ಪೈಪ್ ಬೇಗ ತೆಗೀರಿ ಅಂತ ಡಾಕ್ಟರ್‌ಗೆ ಒತ್ತಾಯವನ್ನೂ ಮಾಡಬೇಡಿ. ದಿನಕ್ಕೆ 30 ಮಿಲಿಗಿಂತ ಕಡಿಮೆ ಬರೋವರೆಗೆ ಸಾಮಾನ್ಯವಾಗಿ ಕಾಯುತ್ತೇವೆ. ಯಾವ ಮೂಲದ ಹಾಳೆ ಅಂತ ಆಪರೇಷನ್‌ಗೆ ಮೊದಲೇ ಬಾಯಿಬಿಟ್ಟು ಕೇಳಿ, ಒಪ್ಪಿಗೆ ಪತ್ರದಲ್ಲಿ ಬರೆಸಿ. ಕೇಳೋದಕ್ಕೆ ಸಂಕೋಚ ಬೇಡ.

ಪ್ರಶ್ನೆ: ಕಂಕುಳಿನ ಗ್ರಂಥಿಗೂ ಹರಡಿದೆ, ಆಪರೇಷನ್ ಆದ ಮೇಲೆ ರೇಡಿಯೇಷನ್ ಬೇಕಾಗಬಹುದು ಅಂದಿದ್ದಾರೆ. ಇಂಪ್ಲಾಂಟ್ ಬೇಡ ಅನ್ನೋದಾ?

ಉತ್ತರ: ಎಲ್ಲರೂ ಮೊದಲು ಕೇಳಬೇಕಾದ ಪ್ರಶ್ನೆ ಇದು. ಒಂದು ಹಂತ, ಎರಡು ಹಂತ, ಮೇಲೆ, ಕೆಳಗೆ ಅನ್ನೋದೆಲ್ಲ ಇದಾದ ಮೇಲಿನ ಮಾತು.

ಯಾವ ಇಂಪ್ಲಾಂಟ್ ಇಟ್ಟರೂ ಮೈ ಅದರ ಸುತ್ತ ಒಂದು ತೆಳು ಪೊರೆ ಕಟ್ಟುತ್ತದೆ. ರೇಡಿಯೇಷನ್ ಆದರೆ ಆ ಪೊರೆ ದಪ್ಪವಾಗಿ ಬಿಗಿಯುವ ಸಾಧ್ಯತೆ ಹೆಚ್ಚು. ಇದನ್ನು ಬೇಕರ್ ಅನ್ನುವ ನಾಲ್ಕು ದರ್ಜೆಗಳಲ್ಲಿ ಅಳೆಯುತ್ತೇವೆ, ಮೂರನೆಯದರಲ್ಲಿ ಆಕಾರ ಕೆಟ್ಟದ್ದು ಕಣ್ಣಿಗೇ ಕಾಣುತ್ತದೆ, ನಾಲ್ಕನೆಯದರಲ್ಲಿ ನೋವೂ ಸೇರುತ್ತದೆ. ಅಮೆರಿಕ, ಕೆನಡಾದ ಆಸ್ಪತ್ರೆಗಳು ಸೇರಿ ಮಾಡಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಪ್ಲಾಂಟ್ ಜೊತೆಗೆ ರೇಡಿಯೇಷನ್ ಆದವರಲ್ಲಿ ಎರಡು ವರ್ಷದೊಳಗೆ 100ಕ್ಕೆ ಸುಮಾರು 39 ಜನಕ್ಕೆ ಏನಾದರೊಂದು ತೊಂದರೆ ಕಂಡಿತು. ರೇಡಿಯೇಷನ್ ಇಲ್ಲದ ಇಂಪ್ಲಾಂಟ್‌ನವರಲ್ಲಿ ಅದು ಸುಮಾರು 22. ಹೊಟ್ಟೆಯಂಥ ಕಡೆಯಿಂದ ತಮ್ಮದೇ ಮಾಂಸ, ಕೊಬ್ಬು ತಂದು ಮರುರಚನೆ ಮಾಡಿಸಿಕೊಂಡು ರೇಡಿಯೇಷನ್ ಆದವರಲ್ಲಿ ಸುಮಾರು 26.

ಅಂದರೆ ಬೇಡವೇ ಬೇಡ ಅಂತಲ್ಲ. 61 ಜನಕ್ಕೆ ತೊಂದರೆ ಆಗಲಿಲ್ಲ ಅನ್ನೋದೂ ಅದೇ ಲೆಕ್ಕದಲ್ಲಿದೆ. ನಾನು ಸಾಮಾನ್ಯವಾಗಿ ಹೇಳೋದು ಹೀಗೆ: ಈಗ ಎಕ್ಸ್‌ಪ್ಯಾಂಡರ್ ಇಟ್ಟು ಚರ್ಮದ ಜಾಗ ಉಳಿಸಿಕೊಳ್ಳೋಣ, ರೇಡಿಯೇಷನ್ ಮುಗಿಯಲಿ, ಕೆಲವು ತಿಂಗಳು ಬಿಟ್ಟು ಚರ್ಮ ಹೇಗಿದೆ ನೋಡೋಣ. ಮೆತ್ತಗಿದ್ದರೆ ಇಂಪ್ಲಾಂಟ್. ಗಟ್ಟಿಯಾಗಿದ್ದರೆ ನಿಮ್ಮದೇ ಮಾಂಸ, ಇಲ್ಲಾ ಬೆನ್ನಿನ ಸ್ನಾಯು ತಂದು ಅದರ ಕೆಳಗೆ ಇಂಪ್ಲಾಂಟ್. ಈಗ ಏನೂ ಮಾಡದೆ ಎಲ್ಲ ಮುಗಿದ ಮೇಲೆ ಯೋಚಿಸೋದೂ ಒಂದು ದಾರಿ. ರೇಡಿಯೇಷನ್ ಕೊಡುವ ಡಾಕ್ಟರ್, ಕ್ಯಾನ್ಸರ್ ಸರ್ಜನ್, ಪ್ಲಾಸ್ಟಿಕ್ ಸರ್ಜನ್ ಮೂವರೂ ಆಪರೇಷನ್‌ಗೆ ಮೊದಲು ಮಾತಾಡಿಕೊಂಡಿದ್ದಾರಾ ಅಂತ ಮಾತ್ರ ಖಂಡಿತ ಕೇಳಿ. ಮಾತಾಡಿಲ್ಲ ಅಂದರೆ ಮಾತಾಡಿಸಿ.

ಪ್ರಶ್ನೆ: ಇಂಪ್ಲಾಂಟ್‌ನಿಂದಲೇ ಬೇರೆ ಕ್ಯಾನ್ಸರ್ ಬರುತ್ತೆ ಅಂತ ಓದಿ ನಮ್ಮ ಯಜಮಾನರು ಹೆದರಿಕೊಂಡಿದ್ದಾರೆ. ನನಗೆ 2016ರಲ್ಲಿ ಇಟ್ಟಿದ್ದಾರೆ. ತೆಗೆಸಿಬಿಡಲಾ?

ಉತ್ತರ: ಅವರು ಓದಿದ್ದು ಸುಳ್ಳಲ್ಲ. ಅದು ಇಂಪ್ಲಾಂಟ್ ಸುತ್ತಲಿನ ಪೊರೆಯಲ್ಲಿ ಬರುವ ಒಂದು ಬಗೆಯ ಲಿಂಫೋಮಾ, ಅಂದರೆ ರೋಗನಿರೋಧಕ ಜೀವಕೋಶಗಳ ಕ್ಯಾನ್ಸರ್, ಸ್ತನ ಕ್ಯಾನ್ಸರ್ ಅಲ್ಲ. ಅಪರೂಪದ್ದು. ಹೆಚ್ಚುಕಡಿಮೆ ಎಲ್ಲವೂ ಒರಟು ಮೈಯ ಇಂಪ್ಲಾಂಟ್ ಇದ್ದವರಲ್ಲೇ ಕಂಡಿವೆ. 2019ರ ಜುಲೈನಲ್ಲಿ ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೇಳಿದ ಮೇಲೆ ಅಲರ್ಗನ್ ಕಂಪನಿ ತನ್ನ ಬಯೋಸೆಲ್ ಒರಟು ಇಂಪ್ಲಾಂಟ್‌ಗಳನ್ನು ಪ್ರಪಂಚದಾದ್ಯಂತ ಹಿಂದಕ್ಕೆ ಪಡೆಯಿತು. ಆದರೆ ತೊಂದರೆ ಏನೂ ಇಲ್ಲದವರು ಸುಮ್ನೆ ತೆಗೆಸಿಕೊಳ್ಳಿ ಅಂತ ಎಫ್‌ಡಿಎ ಹೇಳಲಿಲ್ಲ.

ನೀವು ಮೊದಲು ಮಾಡಬೇಕಾದ್ದು, ಇಂಪ್ಲಾಂಟ್ ಕಾರ್ಡ್ ಹುಡುಕೋದು. ಅದರಲ್ಲಿ ಕಂಪನಿ, ಮಾದರಿ, ಸೀರಿಯಲ್ ನಂಬರ್ ಇರುತ್ತದೆ. ಕಾರ್ಡ್ ಕಳೆದಿದ್ದರೆ ಆಪರೇಷನ್ ಮಾಡಿದ ಕಡೆ ದಾಖಲೆಗಳಲ್ಲಿ ಸ್ಟಿಕ್ಕರ್ ಅಂಟಿಸಿರುತ್ತಾರೆ, ಕೇಳಿ. ನಯವಾದ ಮೈಯದ್ದಾದರೆ ಈ ಚಿಂತೆ ಬಹುಮಟ್ಟಿಗೆ ಬಿಡಿ. ಒರಟಾದರೆ ಒಂದು ಲಕ್ಷಣ ನೆನಪಿಟ್ಟುಕೊಳ್ಳಿ: ವರ್ಷಗಟ್ಟಲೆ ಸರಿಯಾಗಿದ್ದ ಕಡೆ ಇದ್ದಕ್ಕಿದ್ದ ಹಾಗೆ ಊದಿಕೊಳ್ಳೋದು. ಗಂಟು ಕೈಗೆ ಸಿಕ್ಕರೂ ಅಷ್ಟೇ. ತಡ ಮಾಡದೆ ಹೋಗಿ, ಸೇರಿದ ನೀರನ್ನು ತೆಗೆದು ಪರೀಕ್ಷೆ ಮಾಡುತ್ತಾರೆ. ಬೇಗ ಸಿಕ್ಕರೆ ಇಂಪ್ಲಾಂಟ್ ಜೊತೆಗೆ ಪೊರೆಯನ್ನೂ ಪೂರ್ತಿ ತೆಗೆದರೆ ಬಹುಪಾಲು ಜನಕ್ಕೆ ಅಷ್ಟೇ ಸಾಕಾಗುತ್ತದೆ.

ಇನ್ನೊಂದು ವಿಷಯ. ಸಿಲಿಕೋನ್ ಇಂಪ್ಲಾಂಟ್ ಒಳಗೇ ಒಡೆದರೆ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಸಲೈನ್‌ದಾದರೆ ಕುಗ್ಗಿ ಕಾಣುತ್ತದೆ. ಸಿಲಿಕೋನ್ ಇದ್ದವರು ಮೊದಲ ಸಲ 5-6 ವರ್ಷಕ್ಕೆ, ಆಮೇಲೆ 2-3 ವರ್ಷಕ್ಕೊಮ್ಮೆ ಎಂಆರ್‌ಐ ಅಥವಾ ಅಲ್ಟ್ರಾಸೌಂಡ್ ಮಾಡಿಸಿ ಅಂತ ಎಫ್‌ಡಿಎ ಸಲಹೆ ಇದೆ. 2016ರದ್ದು ಅಂದರೆ ನಿಮ್ಮ ಮೊದಲ ಸ್ಕ್ಯಾನ್ ಆಗಿರಬೇಕಿತ್ತು. ಆಗಿಲ್ಲದಿದ್ದರೆ ಮಾಡಿಸಿ. ಜೀವನಪೂರ್ತಿ ಬಾಳುವ ಇಂಪ್ಲಾಂಟ್ ಇಲ್ಲ, ಒಂದು ದಿನ ಬದಲಾಯಿಸಬೇಕಾಗಬಹುದು.

ಪ್ರಶ್ನೆ: ಇಂಪ್ಲಾಂಟ್ ಇದ್ದರೆ ಕ್ಯಾನ್ಸರ್ ಮತ್ತೆ ಬಂದಾಗ ಗೊತ್ತಾಗದೆ ಹೋಗುತ್ತಾ?

ಉತ್ತರ: ಸಾಮಾನ್ಯವಾಗಿ ಇಲ್ಲ. ಸ್ತನ ತೆಗೆದ ಜಾಗದಲ್ಲಿ ಮತ್ತೆ ಬಂದರೆ ಹೆಚ್ಚಿನ ಸಲ ಚರ್ಮದಲ್ಲೋ ಅದರ ಅಡಿಯಲ್ಲೋ ಬರುತ್ತದೆ, ಅದು ಇಂಪ್ಲಾಂಟ್‌ನ ಮುಂದೆ ಇರುವ ಜಾಗ. ಕೈಗೆ ಸಿಗುತ್ತದೆ. ಮರುರಚನೆ ಮಾಡಿಸಿಕೊಂಡರೆ ಕ್ಯಾನ್ಸರ್ ವಾಪಸ್ ಬರುವುದು ಜಾಸ್ತಿಯಾಗುತ್ತದೆ ಅನ್ನೋದೂ ಸರಿಯಲ್ಲ. ಇನ್ನೊಂದು ಸ್ತನದ ಮ್ಯಾಮೊಗ್ರಾಮ್ ಮಾತ್ರ ಬಿಡಬೇಡಿ.

ಪ್ರಶ್ನೆ: ನಮ್ಮಮ್ಮನಿಗೆ 68. ಸಕ್ಕರೆ ಕಾಯಿಲೆ ಇದೆ. ಅವರು ‘ನನಗೆ ಯಾಕೆ ಇದೆಲ್ಲ’ ಅಂತಾರೆ, ನಾವು ಮಕ್ಕಳು ಮಾಡಿಸ್ಕೊಳಮ್ಮ ಅಂತ ಹೇಳ್ತಿದ್ದೀವಿ. ಇಂಪ್ಲಾಂಟ್ ಇಟ್ಟರೆ ಮೊದಲಿನ ಹಾಗೇ ಇರುತ್ತೆ ಅಲ್ವಾ?

ಉತ್ತರ: ಮೊದಲಿನ ಹಾಗೆ ಇರುವುದಿಲ್ಲ. ಬಟ್ಟೆ ಹಾಕಿದಾಗ ಎರಡೂ ಕಡೆ ಸಮ ಕಾಣಬಹುದು. ಮುಟ್ಟಿದರೆ ಚರ್ಮಕ್ಕೆ ಹೆಚ್ಚಾಗಿ ಗೊತ್ತಾಗುವುದಿಲ್ಲ, ತೊಟ್ಟು ಉಳಿಸಿದರೂ ಅದಕ್ಕೆ ಸ್ಪರ್ಶ ಮರಳೋದು ಅಪರೂಪ. ಇದನ್ನು ಹೇಳದೆ ಆಪರೇಷನ್ ಮಾಡಿದರೆ ಆಮೇಲೆ ಅಮ್ಮನವರು ಎಚ್ಚೆತ್ತು ಅಳುತ್ತಾರೆ. ಆ ಜಾಗಕ್ಕೆ ಬಿಸಿನೀರಿನ ಚೀಲ ಇಟ್ಟುಕೊಂಡು ಸುಟ್ಟುಕೊಂಡವರಿದ್ದಾರೆ, ಬಿಸಿ ಗೊತ್ತೇ ಆಗಿರುವುದಿಲ್ಲ. ಮಾಡಿಸಿಕೊಂಡವರು ಯಾರೇ ಆಗಲಿ ಶಾಖ ಕೊಡಬೇಡಿ.

ವಯಸ್ಸು 68 ಅನ್ನೋದು ತಾನಾಗಿ ಅಡ್ಡಿ ಅಲ್ಲ. ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ ಅಡ್ಡಿ, ಗಾಯ ಮಾಗುವುದು ತಡ, ಸೋಂಕು ಬೇಗ. ಆದರೆ ಅದಕ್ಕಿಂತ ದೊಡ್ಡ ಮಾತು, ಅವರಿಗೆ ಬೇಡ. ‘ನನಗೆ ಯಾಕೆ ಇದೆಲ್ಲ’ ಅನ್ನೋದಕ್ಕೆ ಎರಡು ಅರ್ಥ ಇರಬಹುದು. ನಿಜವಾಗಿ ಬೇಡ ಅಂತಲೂ ಇರಬಹುದು, ಮಕ್ಕಳಿಗೆ ಖರ್ಚು ಅಂತ ಸಂಕೋಚವೂ ಇರಬಹುದು. ನೀವು ಹೊರಗೆ ಕೂತು ಅವರೊಬ್ಬರನ್ನೇ ಡಾಕ್ಟರ್ ಹತ್ತಿರ ಮಾತಾಡೋಕೆ ಬಿಡಿ. ಬೇಡ ಅಂದರೆ, ಚರ್ಮ ಮಡಿಕೆ ಬೀಳದ ಹಾಗೆ ಚಪ್ಪಟೆಯಾಗಿ ಅಂದವಾಗಿ ಹೊಲಿಯೋದನ್ನು ಮೊದಲೇ ಕೇಳಿಕೊಳ್ಳಿ. ಬ್ರಾ ಒಳಗೆ ಇಟ್ಟುಕೊಳ್ಳುವ ಸಿಲಿಕೋನ್ ಸ್ತನಗಳೂ ಸಿಗುತ್ತವೆ. ಮುಂದೆ ಯಾವಾಗಲಾದರೂ ಮನಸ್ಸು ಬದಲಾದರೆ ವರ್ಷಗಳ ನಂತರವೂ ಮರುರಚನೆ ಮಾಡಬಹುದು.

ಪ್ರಶ್ನೆ: ಎಕ್ಸ್‌ಪ್ಯಾಂಡರ್ ಇದೆ. ಬೆನ್ನುನೋವಿಗೆ ಎಂಆರ್‌ಐ ಬರೆದುಕೊಟ್ಟಿದ್ದಾರೆ. ಮಾಡಿಸಬಹುದಾ?

ಉತ್ತರ: ಕೇಳದೆ ಮಾಡಿಸಬೇಡಿ. ಬಹಳಷ್ಟು ಎಕ್ಸ್‌ಪ್ಯಾಂಡರ್‌ಗಳ ಪೋರ್ಟ್‌ನಲ್ಲಿ ಅಯಸ್ಕಾಂತ ಇರುತ್ತದೆ, ಅಂಥವಕ್ಕೆ ಎಂಆರ್‌ಐ ಆಗುವುದಿಲ್ಲ ಅಂತ ಕಂಪನಿಗಳೇ ಹೇಳುತ್ತವೆ. ಅಯಸ್ಕಾಂತ ಇಲ್ಲದ ಮಾದರಿಗಳೂ ಬಂದಿವೆ. ನಿಮ್ಮದು ಯಾವುದು ಅಂತ ಕಾರ್ಡ್‌ನಲ್ಲಿ ನೋಡಿ, ಸರ್ಜನ್‌ಗೆ ಫೋನ್ ಮಾಡಿ, ಸ್ಕ್ಯಾನ್ ಸೆಂಟರ್‌ನಲ್ಲಿ ಬಟ್ಟೆ ಬದಲಾಯಿಸುವ ಮೊದಲೇ ಹೇಳಿ. ಕಾರ್ಡ್ ಸಿಗದಿದ್ದರೆ ಅಯಸ್ಕಾಂತ ಇದೆ ಅಂತಲೇ ತಿಳಿದು ನಡೆಯಿರಿ, ಸಿಟಿ ಸ್ಕ್ಯಾನ್‌ನಲ್ಲಿ ಕೆಲಸ ಆಗುತ್ತದಾ ಅಂತ ಬೆನ್ನಿನ ಡಾಕ್ಟರನ್ನು ಕೇಳಿ. ಇನ್ನೊಂದು, ಸ್ತನ ಕ್ಯಾನ್ಸರ್ ಆದವರಿಗೆ ಹೊಸದಾಗಿ ಬಂದ ಬೆನ್ನುನೋವು ಕಡಿಮೆಯಾಗದೆ ಉಳಿದರೆ ಅದನ್ನು ಕ್ಯಾನ್ಸರ್ ಡಾಕ್ಟರ್‌ಗೂ ತಿಳಿಸಲೇಬೇಕು, ಈ ವಾರವೇ ತಿಳಿಸಿ.